ನಮ್ಮೋರ ಸ್ಟಾಪು

ಪಾವಗಡದ ಬಸ್ಸು ಮಧುಗಿರಿ ಬಿಟ್ಟ ಕೂಡಲೇ ಕಂಡಕ್ಟರ್ ನದೀಮ್ ಇಂದ್ರಮ್ಮನ ಮುಂದೆ ನಿಂತು, "ಎಲ್ಲಿಗಜ್ಜಿ?" ಎಂದ.

"ಸ್ಮಾರಕದ ತಾವ ಇಳಿತೀವಪ್ಪ, ಇಬ್ರು."

"ಈ ರೋಡಲ್ಲಿ ಎರಡು ಸ್ಮಾರಕ ಅವೆ. ಯಾರ್ದು?"

ಇಂದ್ರಮ್ಮ ಪೇಚಿಗೆ ಬಿದ್ದಳು. ಮೂವತ್ತು ವರ್ಷದ ಹಿಂದೆ ಚುನಾವಣಾ ಭಾಷಣಕ್ಕೆಂದು ಮನೆಯಿಂದ ಹೊರಟು ದಾರಿಯಲ್ಲೇ ಕೊಲೆಯಾದ ಶಾಸಕ ಅವಳ ಗಂಡ. ಸ್ಮಾರಕದಲ್ಲಿ ಇವತ್ತು ಪ್ರತಿಮೆಯ ಅನಾವರಣ, ಮೊದಲ ಹಾರ ಅವಳೇ ಹಾಕಬೇಕು. ಕಾರು ಕಳಿಸುತ್ತೇವೆಂದಿದ್ದ ಕಮಿಟಿಯವರು ಮಂತ್ರಿಗಳನ್ನು ಕರೆತರುವ ಗಡಿಬಿಡಿಯಲ್ಲಿ ಅವಳನ್ನೇ ಮರೆತಿದ್ದರು. ಅದಿರಲಿ, ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದು ಹೇಗೆ? ಮದುವೆಯ ದಿನ ನೆಂಟರಿಷ್ಟರೆಲ್ಲ ಸೇರಿ ಪೀಡಿಸಿದಾಗಲೂ ಹೇಳಿದವಳಲ್ಲ. ಪಕ್ಕದಲ್ಲಿದ್ದ ಓರಗಿತ್ತಿ ನಾಗಕ್ಕನ ಕಡೆ ನೋಡಿದಳು.

"ನನ್ನ ನೋಡಬ್ಯಾಡ ಕಣಕ್ಕ. ಭಾವನೋರ ಹೆಸರು ನಾನೆಂಗೆ ಹೇಳ್ಲಿ?" ಎಂದು ನಾಗಕ್ಕ ಪಿಸುಗುಟ್ಟಿದಳು.

"ನಮ್ಮೋರ್ದು ಕಣಪ್ಪ," ಎಂದಳು ಇಂದ್ರಮ್ಮ, ನಾಚಿಕೊಂಡು.

"ಎಲ್ರೂ ನಮ್ಮೋರೇ ಬುಡಜ್ಜಿ." ನದೀಮ್ ನಕ್ಕು, ದೇಶಕ್ಕಾಗಿ ಮಡಿದವರ ಮಾತಿರಬೇಕೆಂದುಕೊಂಡು ಯೋಧರ ಸ್ಮಾರಕಕ್ಕೆ ಎರಡು ಜೀರೋ ಟಿಕೆಟ್ ಕೊಟ್ಟು ಹಿಂದಕ್ಕೆ ಹೋದ. ಅದನ್ನು ಓದಿ ನೋಡುವ ಗೋಜಿಗೆ ಇಬ್ಬರೂ ಹೋಗಲಿಲ್ಲ.

ಬಹಳ ಹೊತ್ತಿನ ಮೇಲೆ ಒಂದು ತಿರುವಿನಲ್ಲಿ ಶಾಮಿಯಾನ, ಮೈಕು, ಬಟ್ಟೆ ಹೊದಿಸಿದ ಪ್ರತಿಮೆ ಕಂಡವು. ಬಸ್ಸು ಮಾತ್ರ ನಿಧಾನವಾಗಲಿಲ್ಲ. ಇಂದ್ರಮ್ಮ ಹಾರದ ಚೀಲ ಅವಚಿಕೊಂಡು ಎದ್ದಳು. "ಇಲ್ಲೇ ನಿಲ್ಸಪ್ಪ."

"ಇದಲ್ಲಜ್ಜಿ, ನಿಮ್ದು ಮುಂದೈತೆ. ಕೂತ್ಕಳಿ," ಎಂದು ನದೀಮ್ ಹಿಂದಿನಿಂದ ಕೂಗಿದ.

ಶಾಮಿಯಾನ ಹಿಂದೆ ಬೀಳತೊಡಗಿತು. ಇಂದ್ರಮ್ಮ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಬಾಯಿ ಬಿಟ್ಟಳು.

"ನರಸಪ್ಪ! ನರಸಪ್ಪಂದು ಕಣ್ಲಾ, ನಿಲ್ಸು."

ಡ್ರೈವರ್ ಗಕ್ಕನೆ ಬ್ರೇಕ್ ಒತ್ತಿದ. ಮುಂದಕ್ಕೆ ಮುಗ್ಗರಿಸಿದ ಜನ ಬೈಯಲು ಬಾಯಿ ತೆರೆದವರು, ನಾಗಕ್ಕ ವಿಷಯ ಬಿಡಿಸಿ ಹೇಳಿದ ಮೇಲೆ ಹೊಟ್ಟೆ ತುಂಬ ನಕ್ಕರು. ನದೀಮ್ ನಾಲಿಗೆ ಕಚ್ಚಿಕೊಂಡ. "ನಮ್ಮ ದಾದಿನೂ ಹಿಂಗೇ ಕಣಜ್ಜಿ, ತಾತನ ಹೆಸರು ಹೇಳಾಕಿಲ್ಲ," ಎನ್ನುತ್ತಾ ಕೈ ಹಿಡಿದು ಇಳಿಸಿದ.

ಕೆಳಗಿಳಿದರೂ ನಾಗಕ್ಕನಿಗೆ ನಗು ತಡೆಯಲಾಗಲಿಲ್ಲ. "ಊರಿಗೆಲ್ಲ ಕೇಳಂಗೆ ಭಾವನೋರ ಹೆಸರು ಕೂಗೇಬುಟ್ಟೆ ಕಣಕ್ಕ."

ಇಂದ್ರಮ್ಮನೂ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ನಗು ಮುಗಿದ ಮೇಲೆ ಪ್ರತಿಮೆಯ ಕಡೆ ನೋಡುತ್ತಾ ಹೇಳಿದಳು:

"ಅವತ್ತು ಹೋಗ್ಬ್ಯಾಡಿ ಅಂತ ಬಾಗ್ಲಾಗೆ ನಿಂತು ಗೊಣಗಿದ್ದೇ ಬಂತು. ಹಿಂಗೆ ಹೆಸರಿಡಿದು ಕೂಗಿದ್ದಿದ್ರೆ, ನಿಂತಿರೋರು ಕಣೆ."