ಕಲ್ಮೇಶಪ್ಪ ಊರಿದ ಕಾಲು

ಅಮೆರಿಕನ್ ಫುಟ್‌ಬಾಲಿನಲ್ಲಿ ಚೆಂಡು ಹಿಡಿದು ಓಡುವವನು ಎಲ್ಲಿ ಬೀಳುತ್ತಾನೋ ಅದರ ನೇರಕ್ಕೆ ಅಂಚಿನ ಅಂಪೈರು ಕಾಲೂರಿ ನಿಲ್ಲಬೇಕು. ಕಲ್ಮೇಶಪ್ಪ ಊರಿದ ಕಾಲನ್ನು ಹದಿನಾಲ್ಕು ಆನೆ ಕಟ್ಟಿ ಎಳೆದರೂ ಕದಲಿಸಲಾಗುತ್ತಿರಲಿಲ್ಲ. ಗಾಳಿಯನ್ನೇ ಹಿಂದೆ ಹಾಕುವ ಸ್ವಂತ ಮಗನಿಗೂ ಅವನು ಒಂದು ಗೇಣು ಬಿಟ್ಟುಕೊಟ್ಟವನಲ್ಲ.

ಫೈನಲ್ಲಿನ ಕೊನೆಯ ಓಟದಲ್ಲಿ ಆ ಮಗ ಗೆಲುವಿನ ಗೆರೆಗೆ ಎರಡು ಮಾರು ಮುಂಚೆಯೇ ಬಿದ್ದ. ಮತ್ತೆ ಏಳಲಿಲ್ಲ. ಡಾಕ್ಟರು ನಾಡಿ ನೋಡಿ, ಮುಖದ ಮೇಲೆ ಬಟ್ಟೆ ಎಳೆದರು.

ಬೆಟ್ಟದಂಥ ಕಲ್ಮೇಶಪ್ಪ ಮುಂದೆ ನಡೆದು, ಗೆಲುವಿನ ಗೆರೆಯ ನೇರಕ್ಕೆ ಕಾಲೂರಿದ.

“ಹುಡುಗ ಬಿದ್ದದ್ದು ಅಲ್ಲಿ ಹಿಂದಲ್ಲೇನಪಾ?” ರೆಫರಿ ಮೆಲ್ಲಗೆ ಕೇಳಿದ.

“ಇಲ್ಲರೀ, ಇಲ್ಲೇ ಬಿದ್ದಾನ.”

ರೆಫರಿ ಎದುರಾಳಿ ನಾಯಕನತ್ತ ತಿರುಗಿದ. “ನೀ ಏನಂತೀಯೋ ತಮ್ಮಾ? ನಿಮ್ಮ ಕಪ್ಪು ಹೋಗ್ತದ ನೋಡು.”

ಅವನು ಹೆಲ್ಮೆಟ್ ತೆಗೆದ.

“ಹಿಡಿದು ಕೆಡವಿದಾಂವ ನಾನರೀ. ಅವರಪ್ಪ ಕಾಲೂರಿದಲ್ಲೇ ಬಿದ್ದಾನ.”