ಹಲ್ವಾದ ವಾಸನೆ

ಗ್ರಂಥಾಲಯದಿಂದ ಬೇಗ ಬಂದ ತರ್ಲಾನ್ ಹೊಸ್ತಿಲಲ್ಲೇ ನಿಂತುಬಿಟ್ಟಳು. ಒಳಗಿಂದ ಹುರಿದ ಹಿಟ್ಟು, ಕೇಸರಿ, ಗುಲಾಬಿ ನೀರಿನ ವಾಸನೆ. ಇರಾನಿನ ಕರಜ್ ಊರಿನ ಆ ಓಣಿಯಲ್ಲಿ ಯಾರ ಮನೆಯಲ್ಲಿ ಈ ಹಲ್ವಾ ಘಮ್ಮೆಂದರೂ ‘ಯಾರು ತೀರಿಹೋದರು?’ ಎಂದೇ ಜನ ಕೇಳುತ್ತಿದ್ದರು.

“ಇಷ್ಟು ಬೇಗ ಬಂದ್ಯೇನೇ?” ಅಮ್ಮ ಬಾಣಲೆಗೆ ಅಡ್ಡ ನಿಂತಳು. ಕಣ್ಣು ಊದಿದ್ದವು. “ನಿಂಗೇ ಮಾಡ್ದೆ ಕಣೇ. ಮುಂದಿನ ವಾರ ಮೆಡಿಕಲ್ ಪ್ರವೇಶ ಪರೀಕ್ಷೆ, ಮೈಯಲ್ಲಿ ಶಕ್ತಿ ಬೇಡ್ವಾ?”

ಇವಳ ಓದಿಗೆಂದು ಟಿವಿಗೆ ಬೆಡ್‌ಶೀಟ್ ಹೊದಿಸಿ ವರ್ಷವಾಗಿತ್ತು. ಹೊಸ ವರ್ಷದ ಹಬ್ಬಕ್ಕೂ ನೆಂಟರನ್ನು ಬರಬೇಡಿ ಎಂದಿದ್ದರು. ಅಪ್ಪ ಆ ಬೆಡ್‌ಶೀಟನ್ನೇ ನೋಡುತ್ತಾ ಹೇಳಿದ: “ಬೆಳಿಗ್ಗೆ ನೀನು ಏಳೋ ಮುಂಚೆ ಅಜ್ಜಿ ಫೋನ್ ಮಾಡಿದ್ರು, ಪುಟ್ಟಿ. ಮಂಡಿನೋವು ತೋರಿಸಿದ್ರೆ ನಮ್ಮ ಡಾಕ್ಟ್ರಮ್ಮಂಗೇ ಅಂತೆ. ಚೆನ್ನಾಗಿ ಓದ್ಬೇಕಂತೆ.”

“ನನ್ನನ್ನ ಯಾಕೆ ಕರೀಲಿಲ್ಲ?”

“ಓದೋ ಮಗು, ಎಬ್ಬಿಸ್ಬೇಡ ಅಂದ್ರು.”

ತರ್ಲಾನ್ ಬಾಣಲೆಯಿಂದಲೇ ಒಂದು ತುತ್ತು ತೆಗೆದು ಬಾಯಿಗಿಟ್ಟಳು. ಈ ಹಲ್ವಾ ತಿಂದವರು ಸತ್ತವರಿಗಾಗಿ ಪ್ರಾರ್ಥನೆ ಹೇಳಬೇಕು. ಅವಳ ತುಟಿಗಳು ಸದ್ದಿಲ್ಲದೆ, ಕೊನೆಯ ಸಾಲಿನವರೆಗೂ ಅಲುಗಿದವು. ಅಮ್ಮನ ಕೈಯ ಸೌಟು ನಿಂತಿತು.

“ಅಜ್ಜಿ ಮತ್ತೆ ಫೋನ್ ಮಾಡಿದ್ರೆ ಹೇಳಪ್ಪಾ,” ಎಂದು ಅವಳು ಜೀವಶಾಸ್ತ್ರದ ಪುಸ್ತಕ ತೆರೆದಳು. “ಬೇರೆ ಯಾರಿಗೂ ಮಂಡಿ ತೋರಿಸ್ಬೇಡ ಅಂತ.”