ಹಗೇವಿಗೆ ಇಳಿಸಿದ ಕಂದೀಲು

ಹಳೆಯ ಜೋಳದ ಮುಗ್ಗು ವಾಸನೆ ಬಂದರೆ ಇಂದಿಗೂ ನನ್ನ ಕಣ್ಣು ಎದುರಿಗಿದ್ದವರ ತುಟಿಯತ್ತ ಹೋಗುತ್ತದೆ.

ಅಂದು ಮಧ್ಯಾಹ್ನ ಇರಕಲ್ಲಗಡದ ನಮ್ಮ ಮನೆಯ ಮುಂದೆ ಹಗೇವು ತೆರೆದಿದ್ದರು. ನೆಲದೊಳಗೆ ಜೋಳ ತುಂಬಿಡುವ ಆಳದ ಗುಂಡಿ ಅದು. ಅಜ್ಜಿ ಮೊದಲು ಕಂದೀಲು ಇಳಿಸಿದಳು. ಗಾಳಿಯೇ ಆಡದ ಆ ಗುಂಡಿಯಲ್ಲಿ ದೀಪ ಆರಿತು.

"ಇವತ್ತ ಇಳೀಬ್ಯಾಡೋ," ಎಂದಳು, ಇಳಿಯಲು ನಿಂತಿದ್ದ ಕಾಕಾನಿಗೆ.

"ಎಣ್ಣಿ ತೀರಿರಬೇಕು ಬಿಡಬೇ ಯವ್ವಾ," ಎಂದು ಕಾಕಾ ಸೊಂಟಕ್ಕೆ ಹಗ್ಗ ಬಿಗಿದು ಇಳಿದ. ಆಮೇಲೆ ಸದ್ದೇ ಇಲ್ಲ.

ಮೇಲೆಳೆದಾಗ ಅವನ ತುಟಿ, ಉಗುರು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದ್ದವು. ಮೈಮೇಲೆ ಒಂದು ಗಾಯವೂ ಇರಲಿಲ್ಲ.

"ನೆತ್ತರ ಕರ್ರಗಾಗೈತಿ. ಗಾಳಿ ಸಿಗಲಿ, ಸರೀರಿ ಎಲ್ಲಾರೂ!" ಅಜ್ಜಿ ಸೆರಗು ಬೀಸಿದಳು. ಬಹಳ ಹೊತ್ತಿನ ಮೇಲೆ ತುಟಿಯಲ್ಲಿ ಕೆಂಪು ಮೂಡಿತು.

ನಾನು ಆರಿದ ಕಂದೀಲು ಎತ್ತಿ ಅಲ್ಲಾಡಿಸಿದೆ. ಒಳಗೆ ತುಂಬ ಎಣ್ಣೆಯಿತ್ತು.